ಸೋಷಿಯಲ್ ಮೀಡಿಯಾ ಪೋಸ್ಟ್ ಶೆಡ್ಯೂಲ್: ಇಂದ್ರಕೀಲಾದ್ರಿ ದಸರಾ ಪೇಜ್‌ಗಳು ಫಾಲೋವರ್‌ಗಳನ್ನು ಕಳೆದುಕೊಳ್ಳದಿರಲು ಏನು ಮಾಡಬೇಕು?

ವಿಜಯವಾಡ: ಕೃಷ್ಣಾ ನದಿಯ ದಡದಲ್ಲಿರುವ ಇಂದ್ರಕೀಲಾದ್ರಿಯ ಕನಕದುರ್ಗಾ ದೇವಸ್ಥಾನದಲ್ಲಿ ದಸರಾ ಎಂದರೆ ದಿನಕ್ಕೊಂದು ಅಲಂಕಾರ. ಬಾಲಾ ತ್ರಿಪುರಸುಂದರಿ, ಗಾಯತ್ರಿ, ಅನ್ನಪೂರ್ಣ, ಮಹಾಲಕ್ಷ್ಮಿ, ಸರಸ್ವತಿ, ಮಹಿಷಾಸುರಮರ್ದಿನಿ ಹೀಗೆ ಸಾಗಿ ಕೊನೆಯ ದಿನ ರಾಜರಾಜೇಶ್ವರಿ. ಯಾವ ದಿನ ಯಾವ ಅಲಂಕಾರ ಎಂಬ ಪಟ್ಟಿ ಹಬ್ಬಕ್ಕೆ ಮೊದಲೇ ಪ್ರಕಟವಾಗುತ್ತದೆ. ಹಾಗಾಗಿ ಭಕ್ತರ ಪೇಜ್ ನಡೆಸುವವರಾಗಲಿ, ಹುಬ್ಬಳ್ಳಿ, ಬಳ್ಳಾರಿ ಕಡೆಯಿಂದ ಯಾತ್ರಿಕರನ್ನು ಕರೆದೊಯ್ಯುವ ಟ್ರಾವೆಲ್ಸ್‌ನವರಾಗಲಿ ಒಂದು ಸಂಜೆ ಕುಳಿತು ಹಬ್ಬದ ಅಷ್ಟೂ ಪೋಸ್ಟ್‌ಗಳನ್ನು ಶೆಡ್ಯೂಲ್ ಮಾಡಿಬಿಡಬಹುದು.

ಇದಕ್ಕೆ ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಾಗಿಲ್ಲ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗೆ ಮೆಟಾ ಬಿಸಿನೆಸ್ ಸೂಟ್ ಇದೆ. ಇನ್‌ಸ್ಟಾಗ್ರಾಂನ ಪ್ರೊಫೆಷನಲ್ ಖಾತೆಯಿದ್ದರೆ ಆ್ಯಪ್‌ನಲ್ಲೇ 75 ದಿನ ಮುಂಚಿತವಾಗಿ, ದಿನಕ್ಕೆ 25 ಪೋಸ್ಟ್‌ವರೆಗೆ ಸಮಯ ಹೊಂದಿಸಿಡಬಹುದು. ಎಕ್ಸ್ ಮತ್ತು ಯೂಟ್ಯೂಬ್‌ನಲ್ಲೂ ಈ ಸೌಲಭ್ಯವಿದೆ. ದಿನಕ್ಕೆ 25 ಹಾಕಬಹುದು ಎಂದ ಮಾತ್ರಕ್ಕೆ ಅಷ್ಟನ್ನೂ ಹಾಕಬೇಕೆಂದೇನೂ ಇಲ್ಲ. ಬೆಳಗ್ಗೆ ಆರಕ್ಕೆ ದೀಪ, ಏಳಕ್ಕೆ ಹೂವು, ಎಂಟಕ್ಕೆ ಶುಭಾಶಯ ಎಂದು ಬರುವ ಪೇಜನ್ನು ಜನ ಮೂರನೇ ದಿನಕ್ಕೇ ಮ್ಯೂಟ್ ಮಾಡುತ್ತಾರೆ. ನಾಲ್ಕನೇ ದಿನ ನಿಜವಾಗಿಯೂ ಬೇಕಾದ ಸುದ್ದಿ ಬಂದರೂ ಅದು ಅವರಿಗೆ ಕಾಣುವುದಿಲ್ಲ.

ಕಳೆದ ವರ್ಷದ ಪಟ್ಟಿ ಈ ವರ್ಷಕ್ಕೆ ಆಗದು

ಶೆಡ್ಯೂಲ್ ಮಾಡುವವರು ಮೊದಲು ಎಡವುವುದು ಹಳೆಯ ಪೋಸ್ಟ್‌ಗಳನ್ನು ನಕಲು ಮಾಡುವಲ್ಲಿ. 2024ರಲ್ಲಿ ಇಂದ್ರಕೀಲಾದ್ರಿಯ ದಸರಾ ಅಕ್ಟೋಬರ್ 3ರಿಂದ 12ರವರೆಗೆ ಹತ್ತು ದಿನ ನಡೆಯಿತು. 2025ರಲ್ಲಿ ತಿಥಿ ವೃದ್ಧಿಯಿಂದಾಗಿ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನವಾಯಿತು. ಕಾತ್ಯಾಯಿನಿ ಅಲಂಕಾರವೂ ಸೇರಿಕೊಂಡಿತು. ಮೈಸೂರು ದಸರಾ ಕೂಡ ಆ ವರ್ಷ ಹನ್ನೊಂದು ದಿನವೇ ಇತ್ತು. ಕಳೆದ ಸಲದ ಪಟ್ಟಿಯಲ್ಲಿ ಬರೀ ತಾರೀಖು ಬದಲಿಸಿ ಹಾಕುವ ಪೇಜ್ ನಾಲ್ಕನೇ ದಿನದ ಹೊತ್ತಿಗೆ ತಪ್ಪು ಅಲಂಕಾರ ತೋರಿಸುತ್ತದೆ. ಮಕ್ಕಳಿಗೆ ಸರಸ್ವತಿ ಅಲಂಕಾರದ ದಿನವೇ ದರ್ಶನ ಮಾಡಿಸಬೇಕೆಂದು ರೈಲು ಟಿಕೆಟ್ ಕಾಯ್ದಿರಿಸುವ ಕುಟುಂಬಕ್ಕೆ ಇದು ಸಣ್ಣ ತಪ್ಪಲ್ಲ.

ಭಾಷೆಯದ್ದು ಇನ್ನೊಂದು ತೊಡಕು. ತೆಲುಗು ಪ್ರಕಟಣೆಯನ್ನು ತಂತ್ರಾಂಶಕ್ಕೆ ಕೊಟ್ಟು, ಬಂದ ಕನ್ನಡವನ್ನು ಓದದೇ ಹಾಕುವವರಿದ್ದಾರೆ. ತೆಲುಗಿನಲ್ಲಿ 'ರದ್ದೀ' ಎಂದರೆ ಜನಸಂದಣಿ. ಕನ್ನಡದಲ್ಲಿ 'ರದ್ದಿ' ಎಂದರೆ ಹಳೇ ಪೇಪರ್, 'ರದ್ದು' ಎಂದರೆ ಕ್ಯಾನ್ಸಲ್. 'ಭಕ್ತರ ರದ್ದಿ' ಎಂದು ಬಂದುಬಿಟ್ಟರೆ ಓದುವವರು ದರ್ಶನವೇ ರದ್ದಾಯಿತೇ ಎಂದು ಗಾಬರಿಯಾದಾರು. ಎಕ್ಸ್‌ನಲ್ಲಿ ಅಕ್ಷರ ಮಿತಿಯ ಸಮಸ್ಯೆಯೂ ಸೇರುತ್ತದೆ. ಸಾಮಾನ್ಯ ಖಾತೆಗೆ 280ರ ಮಿತಿ. ಕನ್ನಡದ ಒತ್ತು, ಗುಣಿತ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಒಂದೇ ಅಕ್ಷರದಂತೆ ಕಾಣುವ 'ಸ್ತ್ರೀ' ಅಲ್ಲಿ ಆರು. ಫೇಸ್‌ಬುಕ್‌ಗೆ ಬರೆದದ್ದನ್ನೇ ಯಂತ್ರದ ಮೂಲಕ ಎಲ್ಲ ಕಡೆ ಹರಿಬಿಟ್ಟರೆ ಎಕ್ಸ್‌ನಲ್ಲಿ ವಾಕ್ಯ ನಡುವೆಯೇ ತುಂಡಾಗಬಹುದು.

ಇವೆಲ್ಲ ಒಮ್ಮೆ ಕಣ್ಣಾಡಿಸಿದರೆ ತಪ್ಪುವ ತಪ್ಪುಗಳು. ದೊಡ್ಡ ಕಂಪನಿಗಳೂ ಇದರಲ್ಲಿ ಜಾರಿವೆ. 2017ರ ನವೆಂಬರ್‌ನಲ್ಲಿ ಮೆಕ್‌ಡೊನಾಲ್ಡ್ಸ್‌ನ ಟ್ವಿಟರ್ ಖಾತೆಯಲ್ಲಿ ಬ್ಲ್ಯಾಕ್ ಫ್ರೈಡೇ ಜಾಹೀರಾತಿನ ಬದಲು 'ಇಲ್ಲಿ ಬರಹ ಮತ್ತು ಲಿಂಕ್ ಬೇಕು' ಎಂಬ ಒಳಗಿನವರ ಟಿಪ್ಪಣಿಯೇ ಪ್ರಕಟವಾಗಿತ್ತು. ಜನ ನಕ್ಕರು, ಅಲ್ಲಿಗೆ ಮುಗಿಯಿತು. ದೇವಸ್ಥಾನದ ಜಾತ್ರೆಯಲ್ಲಿ ಯಾವಾಗಲೂ ನಗೆಯಲ್ಲೇ ಮುಗಿಯುವುದಿಲ್ಲ.

ಬೆಟ್ಟ ಕ್ಯಾಲೆಂಡರ್ ನೋಡುವುದಿಲ್ಲ

2020ರ ಅಕ್ಟೋಬರ್ 21, ಮೂಲಾ ನಕ್ಷತ್ರದ ದಿನ. ಅಮ್ಮನವರ ಜನ್ಮ ನಕ್ಷತ್ರವೆಂಬ ನಂಬಿಕೆಯಿಂದ ಇಂದ್ರಕೀಲಾದ್ರಿಯಲ್ಲಿ ಅಂದು ಸರಸ್ವತಿ ಅಲಂಕಾರ. ರಾಜ್ಯ ಸರ್ಕಾರದ ಪರವಾಗಿ ರೇಷ್ಮೆ ವಸ್ತ್ರ ಸಮರ್ಪಣೆ. ಆಗಿನ ಮುಖ್ಯಮಂತ್ರಿ ವೈ.ಎಸ್. ಜಗನ್ ಮೋಹನ್ ರೆಡ್ಡಿ ಬರುವುದಕ್ಕೆ ಸ್ವಲ್ಪ ಮೊದಲು ಬೆಟ್ಟದಿಂದ ಬಂಡೆಗಳು ಉರುಳಿಬಿದ್ದು ಕೆಲವರು ಗಾಯಗೊಂಡರು. ಅಂಥ ಹೊತ್ತಿನಲ್ಲಿ 'ಇಂದೇ ಬನ್ನಿ, ಅಮ್ಮನ ದರ್ಶನ ಪಡೆಯಿರಿ' ಎಂದು ವಾರದ ಹಿಂದೆ ಬರೆದಿಟ್ಟ ಪೋಸ್ಟ್ ತನ್ನಷ್ಟಕ್ಕೆ ಹೊರಟರೆ ಏನಾಗುತ್ತದೆ? ಪೋಸ್ಟ್‌ನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ನಂಬಿ ಹೊರಡುವವರಿಗೆ ಬೆಟ್ಟದ ಸ್ಥಿತಿ ತಿಳಿದಿರುವುದಿಲ್ಲ.

ವಿಶಾಖಪಟ್ಟಣದ ಸಿಂಹಾಚಲದಲ್ಲಿ 2025ರ ಏಪ್ರಿಲ್ 30ರಂದು ನಡೆದದ್ದು ಇದಕ್ಕಿಂತ ಘೋರ. ವರಾಹ ಲಕ್ಷ್ಮೀನರಸಿಂಹ ಸ್ವಾಮಿಯ ನಿಜರೂಪ ದರ್ಶನ ವರ್ಷಕ್ಕೊಮ್ಮೆ, ಚಂದನೋತ್ಸವದ ದಿನ ಮಾತ್ರ. ಅಂದು ನಸುಕಿಗೂ ಮುನ್ನ ಮಳೆಯ ನಡುವೆ ಗೋಡೆ ಕುಸಿದು, ಸರತಿಯಲ್ಲಿ ನಿಂತಿದ್ದ ಏಳು ಮಂದಿ ಸತ್ತರು. ಈ ಅವಘಡದ ಹೊತ್ತನ್ನು ಪೇಜ್ ನಡೆಸುವವರು ಗಮನಿಸಬೇಕು. ಶುಭಾಶಯದ ಪೋಸ್ಟ್‌ಗಳನ್ನು ಸಾಮಾನ್ಯವಾಗಿ ಬೆಳಗ್ಗೆ ಐದಾರು ಗಂಟೆಗೆ ಹೊಂದಿಸಿಡುತ್ತಾರೆ. ದುರಂತ ಅದಕ್ಕೂ ಮೊದಲೇ ಆಗಿಹೋಗಿರುತ್ತದೆ. ಪೇಜ್‌ನವರು ಇನ್ನೂ ಮಲಗಿರುತ್ತಾರೆ, ಯಂತ್ರ ಎಚ್ಚರವಿರುತ್ತದೆ.

ಆದ್ದರಿಂದ ಹಬ್ಬದ ದಿನಗಳಲ್ಲಿ ಒಂದು ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು: ಯಾರಾದರೂ ಎದ್ದು ಸುದ್ದಿ ನೋಡುವ ಹೊತ್ತಿಗೆ ಮೊದಲು ಯಾವ ಪೋಸ್ಟೂ ಹೋಗಬಾರದು. ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಬಾರದು. ಸರತಿಯಲ್ಲಿರುವ ಎಲ್ಲ ಪೋಸ್ಟ್‌ಗಳನ್ನು ಫೋನಿನಿಂದಲೇ ತಡೆಹಿಡಿಯುವುದು ಹೇಗೆಂದು ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಹಬ್ಬಕ್ಕೆ ಮುಂಚೆ ಒಮ್ಮೆ ಮಾಡಿಯೂ ನೋಡಿರಬೇಕು.

ಎಷ್ಟು ಹೊತ್ತು ತಡೆಹಿಡಿಯಬೇಕು ಎಂಬುದಕ್ಕೆ ಒಂದೇ ಅಳತೆ ಇಲ್ಲ. ಬಂಡೆ ಉರುಳಿದಾಗ ದಾರಿ ತೆರೆಯಿತೇ ಎಂದು ಖಚಿತವಾಗುವವರೆಗೆ ಸಾಕಾಗಬಹುದು. ಸಾವು ಸಂಭವಿಸಿದರೆ ಆ ದಿನದ ಸಂಭ್ರಮದ ಪೋಸ್ಟ್‌ಗಳೆಲ್ಲ ಹೋಗಬೇಕು. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದ್ದವು, ಪ್ರಕಾಶಂ ಬ್ಯಾರೇಜ್‌ನಲ್ಲಿ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು. ಆಗ ವಿಜಯವಾಡ ಪ್ಯಾಕೇಜ್ ಟೂರ್‌ನ ಜಾಹೀರಾತನ್ನು ವಾರಗಟ್ಟಲೆ ಪಕ್ಕಕ್ಕಿಡುವುದೇ ಮರ್ಯಾದೆ.

ಒಂದು ಪೋಸ್ಟ್ ಜನರನ್ನು ಒಂದು ಜಾಗಕ್ಕೆ ಕರೆತರುತ್ತದೆ ಎಂಬುದನ್ನು ಬೆಂಗಳೂರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಬಳಿಕ ರಾಜ್ಯ ಸರ್ಕಾರ ಹೈಕೋರ್ಟ್‌ಗೆ ಕೊಟ್ಟ ವರದಿಯಲ್ಲಿ, ಅಂದು ವಿಜಯಯಾತ್ರೆಗೆ ಜನರನ್ನು ಆಹ್ವಾನಿಸಿದ್ದ ಆರ್‌ಸಿಬಿಯ ಸಾಮಾಜಿಕ ಜಾಲತಾಣದ ಪೋಸ್ಟ್‌ಗಳ ಪ್ರಸ್ತಾಪವಿತ್ತು. 'ಬನ್ನಿ' ಎಂಬ ಪದ ಇರುವ ಪೋಸ್ಟನ್ನು ಯಂತ್ರಕ್ಕೆ ಬಿಡದೆ ಮನುಷ್ಯರೇ ಆ ಹೊತ್ತಿನ ಸ್ಥಿತಿ ನೋಡಿ ಹಾಕುವುದು ಕ್ಷೇಮ.

ಅಂಕಿಅಂಶ ತಾನಾಗಿಯೇ ಬಂದರೆ?

ಮೂಲದಿಂದ ಮಾಹಿತಿ ಬಂದ ಕೂಡಲೇ ಪ್ರಕಟಿಸುವ ವ್ಯವಸ್ಥೆಯೂ ಇದೆ. ವೇಗ ಹೆಚ್ಚು, ಅಪಾಯವೂ ಹೆಚ್ಚು. 2017ರ ಜೂನ್ 21ರಂದು ಲಾಸ್ ಏಂಜಲೀಸ್ ಟೈಮ್ಸ್‌ನ ಕಂಪ್ಯೂಟರ್ ಕಾರ್ಯಕ್ರಮವೊಂದು ಕ್ಯಾಲಿಫೋರ್ನಿಯಾದಲ್ಲಿ 6.8 ತೀವ್ರತೆಯ ಭೂಕಂಪವಾಗಿದೆ ಎಂದು ಸುದ್ದಿ ಮಾಡಿತು. ಅದು 1925ರಲ್ಲಿ ಸಾಂತಾ ಬಾರ್ಬರಾದಲ್ಲಿ ಆಗಿದ್ದ ಭೂಕಂಪ! ಹಳೆಯ ದಾಖಲೆ ತಿದ್ದುವಾಗ ತಪ್ಪಾಗಿ ಎಚ್ಚರಿಕೆ ಸಂದೇಶ ಹೊರಟಿತ್ತು, ಯಂತ್ರ ಅದನ್ನು ನಂಬಿತು. ಘಾಟ್ ರಸ್ತೆ ಮುಚ್ಚಿದೆ, ತೆರೆದಿದೆ ಎಂಬ ಸುದ್ದಿಗೂ ಇದೇ ಮಾತು. 'ಬೆಳಗ್ಗೆ 9 ಗಂಟೆಗೆ ಇದ್ದಂತೆ' ಎಂದು ಬರಹದಲ್ಲೂ ಚಿತ್ರದಲ್ಲೂ ಹಾಕಿದರೆ ವಾಟ್ಸ್‌ಆ್ಯಪ್‌ನಲ್ಲಿ ಅದು ಮೂರು ದಿನ ಸುತ್ತಿದರೂ ಹಳೆಯದೆಂದು ಗೊತ್ತಾಗುತ್ತದೆ.

ಉತ್ತರವೂ ಯಂತ್ರದ್ದೇ ಆದರೆ

ಫಾಲೋವರ್‌ಗಳಿಗೆ ಶೆಡ್ಯೂಲ್ ಮಾಡಿದ ಪೋಸ್ಟ್‌ಗಿಂತ ಬೇಸರ ತರಿಸುವುದು ಯಂತ್ರದ ಉತ್ತರ. 'ಅಜ್ಜಿ ಕ್ಯೂನಲ್ಲಿ ತಪ್ಪಿಸಿಕೊಂಡಿದ್ದಾರೆ, ಯಾರನ್ನು ಕೇಳಬೇಕು' ಎಂದವರಿಗೆ 'ಜೈ ದುರ್ಗಾ ಮಾತಾ, ನಮ್ಮ ಪೇಜ್ ಫಾಲೋ ಮಾಡಿ' ಎಂದು ಬಂದರೆ ಅವರು ಆ ಪೇಜನ್ನು ಮತ್ತೆಂದೂ ನೋಡರು. ಕೇಳದೇ ಇದ್ದವರಿಗೆ ತಾನಾಗಿಯೇ ಉತ್ತರಿಸುವುದು ಎಕ್ಸ್‌ನ ನಿಯಮಕ್ಕೂ ವಿರುದ್ಧ.

ಜನರೇ ಕೇಳಿ ಪಡೆಯುವ ಯಂತ್ರದ ಬಗ್ಗೆ ಈ ಬೇಸರ ಇಲ್ಲ. ಆಂಧ್ರಪ್ರದೇಶ ಸರ್ಕಾರ 2025ರ ಜನವರಿ 30ರಂದು ಆರಂಭಿಸಿದ 'ಮನ ಮಿತ್ರ' ವಾಟ್ಸ್‌ಆ್ಯಪ್ ಸೇವೆ ಮೊದಲ ಹಂತದಲ್ಲೇ 161 ಸೇವೆಗಳನ್ನು ಕೊಟ್ಟಿತು. ಅಲ್ಲಿ ಮೊದಲ ಸಂದೇಶ ಬಳಕೆದಾರರದ್ದು, ಎದುರಿಗೆ ಯಂತ್ರವಿದೆ ಎಂಬುದೂ ಅವರಿಗೆ ಗೊತ್ತು. ದೇವಸ್ಥಾನದ ಸಮಯ, ಪಾರ್ಕಿಂಗ್ ಎಲ್ಲಿ ಎಂಬಂಥ ಪ್ರಶ್ನೆಗಳನ್ನು ಪೇಜ್‌ಗಳೂ ಹೀಗೆ ಯಂತ್ರಕ್ಕೆ ಬಿಡಬಹುದು. ಉಳಿದದ್ದಕ್ಕೆ ಒಬ್ಬರ ಹೆಸರು, ಅವರು ಉತ್ತರಿಸುವ ಸಮಯ ಬರೆದಿಟ್ಟರೆ ಸಾಕು.

ತಪ್ಪು ಪೋಸ್ಟ್ ಹೋಗಿಯೇ ಬಿಟ್ಟರೆ ಸದ್ದಿಲ್ಲದೆ ಅಳಿಸುವುದು ಬೇಡ. ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಊರೆಲ್ಲ ಸುತ್ತಿರುತ್ತದೆ. ಅಳಿಸಿದ್ದೇವೆ, ಕಾರಣ ಇದು, ಸರಿಯಾದ ಮಾಹಿತಿ ಇದು ಎಂದು ಎರಡು ಸಾಲು ಬರೆದರೆ ಜನ ಕ್ಷಮಿಸುತ್ತಾರೆ.

ಇಂದ್ರಕೀಲಾದ್ರಿ ದಸರೆಯ ಕೊನೆಯ ಪೋಸ್ಟ್ ತೆಪ್ಪೋತ್ಸವದ್ದು. ವಿಜಯದಶಮಿಯ ಸಂಜೆ ಉತ್ಸವಮೂರ್ತಿಗಳು ಹಂಸವಾಹನದಲ್ಲಿ ಕೃಷ್ಣೆಯ ಮೇಲೆ ವಿಹರಿಸುವುದು ರೂಢಿ. ಪ್ರವಾಹವಿದ್ದರೆ, 2020ರಲ್ಲಿ ಆದಂತೆ, ದೋಣಿ ದಡದಲ್ಲೇ ನಿಲ್ಲುತ್ತದೆ, ಪೂಜೆ ಅಲ್ಲೇ ನಡೆಯುತ್ತದೆ. ಅನುಭವವಿರುವ ಪೇಜ್‌ಗೆ ಈ ಪೋಸ್ಟ್ ಎರಡು ರೂಪದಲ್ಲಿ ಬರೆದಿಡುವಂಥದ್ದು. ಎರಡನ್ನೂ ಡ್ರಾಫ್ಟ್‌ನಲ್ಲೇ ಇಟ್ಟು, ಪ್ರಕಾಶಂ ಬ್ಯಾರೇಜ್‌ನ ನೀರಿನ ಮಟ್ಟ ತಿಳಿದ ಮೇಲೆ ಒಂದನ್ನು ಹಾಕಿ, ಇನ್ನೊಂದನ್ನು ಅಳಿಸಬೇಕು.