ಚಾಕು ಮೇಳದ ಲೆಕ್ಕ: ಮುಟ್ಟೋದು ಅಲ್ಲಿ, ಕೊಳ್ಳೋದು ಫೋನಲ್ಲಿ

ಇವತ್ತಿನ ಕಂತಿನಲ್ಲಿ ಅಮೆರಿಕದ ಒಂದು ಪುಟ್ಟ ಮಾರುಕಟ್ಟೆಯ ಚರಿತ್ರೆ ಹೇಳ್ತೀನಿ. ಕೈಯಿಂದ ಮಾಡಿದ ಚಾಕುಗಳ ಮಾರುಕಟ್ಟೆ. ಈರುಳ್ಳಿ ಹೆಚ್ಚೋಕೆ ಅಂಗಡಿಯಿಂದ ತರೋ ಚಾಕು ಅಲ್ಲ ಇದು. ಒಬ್ಬನೇ ಕುಶಲಕರ್ಮಿ ಅಲಗು ತಿದ್ದಿ, ಹದ ಕೊಟ್ಟು, ಹಿಡಿ ಕೂರಿಸಿ, ತನ್ನ ಹೆಸರಿನ ಮುದ್ರೆ ಒತ್ತಿ, ನೂರಾರು, ಕೆಲವೊಮ್ಮೆ ಸಾವಿರಾರು ಡಾಲರಿಗೆ ಮಾರುವ ಚಾಕು. ಇಂಥ ಕಸುಬುದಾರರೂ ಕೊಳ್ಳುವವರೂ ಒಂದೇ ಹಾಲ್‌ನಲ್ಲಿ ಸೇರುವುದಕ್ಕೆ ನೈಫ್ ಶೋ ಅಂತಾರೆ. ನಾವು ಚಾಕು ಮೇಳ ಅನ್ನೋಣ. ಆರ್ಥಿಕತೆ ಕುಸಿದಾಗ, ವ್ಯಾಪಾರ ಆನ್‌ಲೈನ್‌ಗೆ ಹೋದಾಗ ಈ ಮೇಳಗಳಿಗೆ ಏನಾಯ್ತು? ಬಿ.ಕಾಂ. ಓದಿದವನಿಗೆ ಇದಕ್ಕಿಂತ ಒಳ್ಳೆ ಕೇಸ್ ಸ್ಟಡಿ ಸಿಗೋದು ಕಷ್ಟ.

ಮೊದಲು ಮೇಳಗಳು ಯಾಕೆ ಹುಟ್ಟಿದವು ನೋಡೋಣ. 1950ರ ದಶಕದ ಮೊದಲ ಭಾಗ. ಬಾಬ್ ಲವ್‌ಲೆಸ್ ಅನ್ನೋ ಹಡಗಿನ ಕೆಲಸಗಾರ ನ್ಯೂಯಾರ್ಕಿನ ಅಬರ್‌ಕ್ರಾಂಬಿ ಅಂಡ್ ಫಿಚ್ ಅಂಗಡಿಗೆ ಹೋಗಿ, ಫ್ಲಾರಿಡಾದ ಬೋ ರಾಂಡಲ್ ಮಾಡುತ್ತಿದ್ದ ಚಾಕು ಬೇಕು ಅಂದ. ತಿಂಗಳುಗಟ್ಟಲೆ ಕಾಯಬೇಕು ಅಂದ್ರಂತೆ. ಆಸಾಮಿ ಕಾಯಲಿಲ್ಲ, ಹಳೇ ಕಾರಿನ ಸ್ಪ್ರಿಂಗ್ ತಗೊಂಡು ತಾನೇ ಚಾಕು ಮಾಡಿದ. ಮುಂದೆ ಅದೇ ಅಂಗಡಿ ಅವನ ಚಾಕುಗಳನ್ನು ಮಾರಿತು. ಆಗ ಮಾಡುವವರು ಬೆರಳೆಣಿಕೆ, ಅವರೂ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ. 1970ರಲ್ಲಿ ಲವ್‌ಲೆಸ್ ಮತ್ತು ಕೆಲವರು ಸೇರಿ ನೈಫ್‌ಮೇಕರ್ಸ್ ಗಿಲ್ಡ್ ಕಟ್ಟಿದರು. ಗಿಲ್ಡ್‌ನ ಮೇಳಗಳು ಶುರುವಾದವು.

ಅದೇ 1970ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ ಸೆಕೆಂಡ್ ಹ್ಯಾಂಡ್ ಕಾರುಗಳ ಮೇಲೆ ಒಂದು ಪ್ರಬಂಧ ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಮಾತಿನ ಸಾರ ಇಷ್ಟು: ಮಾಲಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಅಂದ್ರೆ ಒಳ್ಳೆ ಮಾಲಿಗೂ ಒಳ್ಳೆ ಬೆಲೆ ಸಿಗಲ್ಲ. ಕೊನೆಗೆ ಒಳ್ಳೆ ಮಾಲು ಮಾರುವವನೇ ಅಂಗಡಿ ಮುಚ್ಚಿಕೊಂಡು ಹೋಗ್ತಾನೆ.

ಚಾಕುವಿಗೆ ಇದು ಪಕ್ಕಾ ಹೊಂದುತ್ತೆ. ಗಡಸು ಕಮ್ಮಿಯಾದ್ರೆ ಅಲಗು ಬೇಗ ಮೊಂಡಾಗುತ್ತೆ, ಜಾಸ್ತಿಯಾದ್ರೆ ಬಾಯಿ ಚಕ್ಕೆ ಏಳುತ್ತೆ. ಹೊರಗಿನಿಂದ ನೋಡಿದ್ರೆ ಎರಡೂ ಒಂದೇ ಥರ ಫಳಫಳ. ಹಾಗಾದ್ರೆ ಕೊಳ್ಳುವವನು ನಂಬೋದು ಯಾವುದನ್ನ? ಮಾಡಿದವನನ್ನ. ಎದುರಿಗೆ ಕೂತಿರ್ತಾನೆ, ಯಾವ ಉಕ್ಕು, ಹೇಗೆ ಕಾಯಿಸಿದೆ ಅಂತ ಕೇಳಬಹುದು. ಪಕ್ಕದ ಟೇಬಲ್ಲಿನ ಚಾಕು ಹಿಡಿದು ತೂಕ ಹೋಲಿಸಬಹುದು. ಮುಂದಿನ ವರ್ಷ ಅದೇ ಟೇಬಲ್ಲಿಗೆ ಬಂದು ಜಗಳವನ್ನೂ ಆಡಬಹುದು!

ಮೇಳ ಒಂದು ಶಾಲೆಯೂ ಆಗಿತ್ತು. 1973ರ ಗಿಲ್ಡ್ ಮೇಳದಲ್ಲಿ ಬಿಲ್ ಮೊರಾನ್ ಡಮಾಸ್ಕಸ್ ಅಲಗುಗಳನ್ನು ಇಟ್ಟರು. ಉಕ್ಕಿನ ಪದರಗಳನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಒಂದು ಮಾಡಿ, ನೀರಿನ ಅಲೆಯಂಥ ವಿನ್ಯಾಸ ತರುವ ವಿದ್ಯೆ ಅದು. ಗುಟ್ಟು ಮಾಡದೆ ವಿಧಾನವನ್ನೂ ಹೇಳಿಕೊಟ್ಟರು. ಇಲ್ಲೊಂದು ನಮ್ಮ ಕಡೆಯ ನಂಟೂ ಇದೆ. ಹಳೇ ಕಾಲದ ಡಮಾಸ್ಕಸ್ ಕತ್ತಿಗಳ ಜೊತೆ ಹೆಸರು ಕೇಳಿಬರುವ ದಕ್ಷಿಣ ಭಾರತದ ಮೂಸೆ ಉಕ್ಕಿಗೆ ಇಂಗ್ಲಿಷಿನಲ್ಲಿ ವೂಟ್ಜ್ ಅಂತಾರೆ. ಆ ಪದ ನಮ್ಮ ‘ಉಕ್ಕು’ವಿನಿಂದಲೇ ಬಂದದ್ದು ಅನ್ನೋದು ಹೆಚ್ಚಿನವರು ಒಪ್ಪುವ ಮಾತು. ಮೊರಾನ್ ವಿಧಾನ ಬೇರೆ, ಹೆಸರು ಮಾತ್ರ ಹಳೆಯದು. 1976ರಲ್ಲಿ ಅವರು ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಶುರು ಮಾಡಿದರು. ಅಲ್ಲಿನ ಪರೀಕ್ಷೆ ಕೇಳಿ: ನೇತಾಡುವ ಹಗ್ಗವನ್ನು ಕತ್ತರಿಸಬೇಕು, ಮರ ಕಡಿಯಬೇಕು, ಆಮೇಲೂ ಅದೇ ಅಲಗಿನಿಂದ ಕೈಮೇಲಿನ ಕೂದಲು ಬೋಳಿಸಬೇಕು, ಕೊನೆಗೆ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಅಕರ್ಲಾಫ್ ಹೇಳಿದ ಕಾಯಿಲೆಗೆ ಕಮ್ಮಾರರು ಕಂಡುಕೊಂಡ ಮದ್ದು ಇದು. 1982ರಲ್ಲಿ ಬ್ಲೇಡ್ ಶೋ ಬಂತು. ಮುಂದೆ ಅಟ್ಲಾಂಟಾದಲ್ಲಿ ನೆಲೆ ನಿಂತು ಈ ಲೋಕದ ದೊಡ್ಡ ಜಾತ್ರೆಯೇ ಆಯ್ತು.

1995ರಲ್ಲಿ ಇಬೇ ಹುಟ್ಟಿತು. ಫೋಟೋ ಹಾಕಿದ್ರೆ ಸಾಕು, ಮನೆಯಿಂದಲೇ ಮಾರಬಹುದು. ಇದರ ಮೇಲೆ 2008ರ ಕುಸಿತ. 2007ರ ಕೊನೆಗೆ ಅಮೆರಿಕದಲ್ಲಿ ಶೇ. 5 ಇದ್ದ ನಿರುದ್ಯೋಗ 2009ರ ಅಕ್ಟೋಬರಿಗೆ ಶೇ. 10 ಮುಟ್ಟಿತು. ಕೆಲಸ ಹೋಗೋ ಭಯ ಇದ್ದಾಗ ಮನುಷ್ಯ ಮೊದಲು ಕೈಬಿಡೋದು ಇಂಥ ಹವ್ಯಾಸದ ಖರ್ಚನ್ನೇ.

ಈಗ ಒಂದು ಉದಾಹರಣೆ ಲೆಕ್ಕ. ಟೇಬಲ್ ಬಾಡಿಗೆ, ಹೋಟೆಲ್, ಪೆಟ್ರೋಲ್, ಊಟ ಎಲ್ಲ ಸೇರಿ ಮೇಳದ ಖರ್ಚು 1,000 ಡಾಲರ್ ಅಂದ್ಕೊಳ್ಳಿ. ಚಾಕು ತಲಾ 400 ಡಾಲರ್. 10 ಮಾರಿದ್ರೆ ಒಂದರ ಮೇಲೆ ಬೀಳೋ ಮೇಳದ ಖರ್ಚು 100. ಎರಡೇ ಮಾರಿದ್ರೆ 500, ಅಂದ್ರೆ ಚಾಕುವಿನ ಬೆಲೆಗಿಂತ ಜಾಸ್ತಿ! ಗಿರಾಕಿ ಕಮ್ಮಿಯಾದ್ರೂ ಹೋಟೆಲ್ ಬಿಲ್ ಕಮ್ಮಿಯಾಗಲ್ಲ. ನಮ್ಮ ಕಾಸ್ಟಿಂಗ್ ಪುಸ್ತಕದ ಸ್ಥಿರ ವೆಚ್ಚ ಅಂದ್ರೆ ಇದೇ. ಇನ್ನೂ ಹೆಸರು ಮಾಡದ ಹೊಸಬನಿಗೆ ಈ ಏಟು ಜೋರು.

ಹಾಗಂತ ಆನ್‌ಲೈನ್ ವಿಲನ್ ಅಲ್ಲ. ದೂರದ ಹಳ್ಳಿಯ ಕಸುಬುದಾರನಿಗೆ ದೇಶವೆಲ್ಲ ಗಿರಾಕಿ ಕೊಟ್ಟಿದ್ದು ಅದೇ. ತೊಂದರೆ ಇರೋದು ಇನ್ನೊಂದು ಕಡೆ. ಮೇಳಕ್ಕೆ ಬಂದು ಹತ್ತು ಚಾಕು ಹಿಡಿದು, ತೂಕ ನೋಡಿ, ಪಾಠ ಕೇಳಿ, ಆಮೇಲೆ ಮನೆಗೆ ಹೋಗಿ ಫೋನಲ್ಲಿ ಕೊಳ್ಳೋದು. ನಾವು ಮಾಲ್‌ನಲ್ಲಿ ಶೂ ಹಾಕಿ ನೋಡಿ ಆ್ಯಪ್‌ನಲ್ಲಿ ಆರ್ಡರ್ ಮಾಡ್ತೀವಲ್ಲ, ಹಾಗೆ. ಇನ್ನೊಂದು ತುದಿಯಲ್ಲಿ ಹೆಸರಾಂತರ ಚಾಕುಗಳು ಮೇಳಕ್ಕೂ ಮುಂಚೆಯೇ ಬುಕ್ ಆಗಿರುತ್ತವೆ, ಇಲ್ಲವೇ ಚೀಟಿ ಎತ್ತಿ ಮಾರ್ತಾರೆ. ಟಿಕೆಟ್ ತಗೊಂಡು ಬಂದವನಿಗೆ ಕಾಣೋದು ಖಾಲಿ ಟೇಬಲ್.

ಆದ್ರೂ ಮೇಳ ಸಾಯಲಿಲ್ಲ. 2019ರ ಮಾರ್ಚಿನಲ್ಲಿ ಬ್ಲೇಡ್ ಪತ್ರಿಕೆಯ ಒಡೆತನದ ಕಂಪನಿ ಎಫ್ ಪ್ಲಸ್ ಡಬ್ಲ್ಯೂ ಮೀಡಿಯಾ ದಿವಾಳಿ ಅರ್ಜಿ ಹಾಕಿತು. ಆದರೂ ಆ ವರ್ಷದ ಬ್ಲೇಡ್ ಶೋ ನಡೆಯಿತು. 2020ರಲ್ಲಿ ಕೋವಿಡ್‌ನಿಂದ ರದ್ದಾಯ್ತು. 2021ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆ ನಡುವೆ ಆನ್‌ಲೈನ್ ವ್ಯಾಪಾರಕ್ಕೇನೂ ಅಡ್ಡಿ ಇರಲಿಲ್ಲ, ಆದ್ರೂ ಜನ ವಾಪಸ್ ಬಂದರು.

ನನಗೆ ಅರ್ಥವಾದದ್ದು ಇಷ್ಟು. ಮೇಳ ಎರಡು ಕೆಲಸ ಮಾಡ್ತಿತ್ತು, ಮಾರಾಟ ಮತ್ತು ನಂಬಿಕೆ. ಮಾರಾಟದ ಲಾಭದಲ್ಲೇ ನಂಬಿಕೆಯ ಖರ್ಚೂ ಹುಟ್ಟುತ್ತಿತ್ತು. ಇಂಟರ್ನೆಟ್ ಮಾರಾಟವನ್ನು ಎತ್ತಿಕೊಂಡು ಹೋಯ್ತು, ನಂಬಿಕೆಯ ಖರ್ಚು ಮೇಳದ ತಲೆ ಮೇಲೇ ಉಳಿಯಿತು. ದೊಡ್ಡ ಮೇಳ ಟಿಕೆಟ್, ಕಂಪನಿಗಳ ಸ್ಟಾಲ್ ಅಂತ ಹೇಗೋ ತೂಗಿಸುತ್ತೆ. ನಲವತ್ತು ಟೇಬಲ್ಲಿನ ಸಣ್ಣ ಊರಿನ ಮೇಳ ಹೇಗೆ ತೂಗಿಸಬೇಕು? ಅಲ್ಲೇ ತಾನೇ ಹೊಸಬನೊಬ್ಬ ತನ್ನ ಮೊದಲ ಚಾಕುವನ್ನು ಹಳಬನ ಕೈಗೆ ಕೊಟ್ಟು, "ಹಿಡಿ ದಪ್ಪ ಆಯ್ತು ಕಣೋ" ಅನ್ನಿಸಿಕೊಳ್ಳೋದು. ಫೋಟೋಗೆ ಬೀಳೋ ಲೈಕ್ ಆ ಮಾತು ಹೇಳಲ್ಲ.

ಹಾಗಾಗಿ ಯಾವುದೇ ಅಂಗಡಿಯಲ್ಲಿ, ಮೇಳದಲ್ಲಿ ಒಂದು ವಸ್ತುವನ್ನು ಕೈಗೆ ತಗೊಂಡು ನೋಡಿದಾಗ, ಆ ನೋಡೋ ಅವಕಾಶಕ್ಕೆ ಯಾರೋ ಬಾಡಿಗೆ ಕಟ್ಟಿದ್ದಾರೆ ಅನ್ನೋದು ನೆನಪಿರಲಿ. ಕೊಳ್ಳಲೇಬೇಕು ಅಂತ ಏನಿಲ್ಲ. ಆದ್ರೆ ಕೊಳ್ಳೋದೇ ಆದ್ರೆ, ಒಂದು ಸಲ ಅಲ್ಲೇ ಕೊಂಡು ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ.