ಒಂದೇ ಒಲೆ, ಹಲವು ದೇಹ: ಪ್ರಕೃತಿ ಮತ್ತು ಆಹಾರ ಕುರಿತ ಶಾಸ್ತ್ರ ಹಾಗೂ ಜನಪದ ತಿಳಿವಳಿಕೆ

ಭಾರತೀಯ ವೈದ್ಯ ಪರಂಪರೆಯಲ್ಲಿ ಆಹಾರಕ್ಕೂ ಔಷಧಕ್ಕೂ ನಡುವೆ ಖಚಿತವಾದ ಗಡಿ ಇಲ್ಲ. ಮನುಷ್ಯರನ್ನು ವಾತ, ಪಿತ್ತ, ಕಫ ಪ್ರಕೃತಿಯವರೆಂದು ವಿಂಗಡಿಸಿ, ಅವರವರ ಪ್ರಕೃತಿಗೆ ತಕ್ಕ ಆಹಾರವನ್ನು ಸೂಚಿಸುವುದು ಆಯುರ್ವೇದದ ಪ್ರಸಿದ್ಧ ವಿಚಾರ. ಕನ್ನಡ ಜನಪದರಲ್ಲಿ ಬಳಕೆಯಲ್ಲಿರುವ ‘ಉಷ್ಣ’, ‘ತಂಪು’, ‘ವಾಯು’, ‘ನಂಜು’ ಎಂಬ ಆಹಾರ ವಿಂಗಡಣೆಯನ್ನು ಈ ಶಾಸ್ತ್ರದ ಸರಳ ರೂಪವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದು ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆ.

ಮೊದಲಿಗೆ ಶಾಸ್ತ್ರದ ನಿಲುವನ್ನು ಗಮನಿಸಬಹುದು. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಒಂಟಿ ದೋಷದ ಮೂರು, ಎರಡೆರಡು ದೋಷಗಳು ಕೂಡಿದ ಮೂರು, ಮೂರೂ ಕೂಡಿದ ಒಂದು ಎಂದು ಏಳು ಪ್ರಕೃತಿಗಳನ್ನು ಹೇಳುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದ ಪ್ರಕಾರ, ಒಂದು ದೋಷದ ಪ್ರಾಬಲ್ಯವುಳ್ಳವರಿಗೆ ಅದರ ವಿರುದ್ಧ ಗುಣದ ಆಹಾರವಿಹಾರಗಳು ಹಿತ. ಸಮಧಾತುವಿನವರಿಗೆ ಎಲ್ಲ ರಸಗಳ ಸಮತೂಕದ ಊಟವೇ ಶ್ರೇಷ್ಠ. ಆದರೆ ಚರಕನ ವಿಚಾರ ಇಲ್ಲಿಗೇ ನಿಲ್ಲುವುದಿಲ್ಲ. ವಿಮಾನಸ್ಥಾನದ ಮೊದಲ ಅಧ್ಯಾಯವು ಪದಾರ್ಥದ ಸಹಜ ಗುಣ, ಸಂಸ್ಕಾರ, ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ ಮತ್ತು ಉಣ್ಣುವವನು ಎಂಬ ಎಂಟು ಅಂಶಗಳನ್ನು ಮುಂದಿಡುತ್ತದೆ. ಉಣ್ಣುವವನ ದೇಹ ಈ ಎಂಟರಲ್ಲಿ ಒಂದು ಮಾತ್ರ ಎಂಬುದು ಗಮನಾರ್ಹ.

ಇದರ ಜೊತೆಗೆ ಬರುವ ‘ಸಾತ್ಮ್ಯ’ದ ಪರಿಕಲ್ಪನೆ ಇನ್ನೂ ಮುಖ್ಯವಾದುದು. ತನಗೆ ಹಿತವಾಗಿ ಹೊಂದಿಕೊಂಡದ್ದು ಸಾತ್ಮ್ಯ. ಅಭ್ಯಾಸದಿಂದ ಹೊಂದಿಕೊಂಡದ್ದು ಓಕಸಾತ್ಮ್ಯ. ಕನ್ನಡಿಗರು ‘ಮೈಗೆ ಒಗ್ಗುತ್ತದೆ’, ‘ಆಗಿಬರುವುದಿಲ್ಲ’ ಎನ್ನುವಾಗ ಹೇಳುವುದು ಇದನ್ನೇ. ದೃಢಬಲನು ಪೂರ್ತಿಗೊಳಿಸಿದ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯದಲ್ಲಿ ದೇಶಸಾತ್ಮ್ಯದ ಪಟ್ಟಿಯೊಂದಿದೆ. ಪೂರ್ವದವರಿಗೆ ಮೀನು, ಸಿಂಧೂ ದೇಶದವರಿಗೆ ಹಾಲು, ದಕ್ಷಿಣದವರಿಗೆ ಪೇಯೆ, ಅಂದರೆ ತೆಳುವಾದ ಗಂಜಿ, ಸಾತ್ಮ್ಯವೆಂದು ಅದು ಹೇಳುತ್ತದೆ. ಜನರ ರೂಢಿಯನ್ನು ಶಾಸ್ತ್ರವೇ ಪ್ರಮಾಣವಾಗಿ ಸ್ವೀಕರಿಸಿದ ನಿದರ್ಶನವಿದು.

ಕರ್ನಾಟಕದ ಲಿಖಿತ ಪರಂಪರೆಯಲ್ಲಿಯೂ ಆಹಾರಕ್ಕೆ ಗೌರವದ ಸ್ಥಾನವಿದೆ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇವು ಪಾಕವಿದ್ಯೆಯನ್ನು ನಿರೂಪಿಸುತ್ತವೆ. ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗವಂತೂ ಅರಮನೆಯ ಊಟದ ಚಿತ್ರಣ. ಅಲ್ಲಿ ಆಯ್ಕೆಗೆ ಅವಕಾಶವಿದೆ.

ರೈತಾಪಿ ಮನೆಯ ಸ್ಥಿತಿ ಇದಕ್ಕಿಂತ ಭಿನ್ನ. ಒಂದೇ ಒಲೆ, ಒಂದೇ ಮಡಕೆ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಧಾನ್ಯ. ಹೀಗಿರುವಲ್ಲಿ ಪ್ರತಿಯೊಬ್ಬರ ಪ್ರಕೃತಿಗೂ ಬೇರೆ ಬೇರೆ ಅಡುಗೆ ಅಸಾಧ್ಯ. ಆದ್ದರಿಂದ ಜನಪದರು ಧಾನ್ಯವನ್ನು ಬದಲಿಸದೆ ಸಂಸ್ಕಾರವನ್ನೂ ಸಂಯೋಗವನ್ನೂ ಬದಲಿಸಿದರು. ಹಳೆಯ ಮೈಸೂರು ಸೀಮೆಯಲ್ಲಿ ಬೇಸಿಗೆಗೆ ಮಜ್ಜಿಗೆ ಬೆರೆಸಿದ ಅಂಬಲಿಯಾಗುವ ರಾಗಿಯೇ ಮಳೆಗಾಲಕ್ಕೆ ಹುರುಳಿ ಸಾರಿನ ಜೊತೆಗಿನ ಬಿಸಿ ಮುದ್ದೆಯಾಗುತ್ತದೆ. ಉಷ್ಣದ ಮೈಯವರಿಗೆ ಮಜ್ಜಿಗೆ, ಶೀತದ ಮೈಯವರಿಗೆ ಮೆಣಸು, ಬೆಳ್ಳುಳ್ಳಿ. ವ್ಯಕ್ತಿಭೇದವನ್ನು ಸಲಹುವ ಕೆಲಸವನ್ನು ಇಲ್ಲಿ ಮಾಡುವುದು ನಂಜಿಕೊಳ್ಳುವ ಪದಾರ್ಥ.

ಹುರುಳಿ ಉಷ್ಣವೆಂಬ ವಿಷಯದಲ್ಲಿ ಸಂಹಿತೆಗಳೂ ಜನಪದರೂ ಒಂದೇ ಅಭಿಪ್ರಾಯದವರು. ಆದರೆ ಮಜ್ಜಿಗೆಯ ವಿಷಯದಲ್ಲಿ ಇಬ್ಬರ ದಾರಿ ಬೇರೆಯಾಗುತ್ತದೆ. ಸುಶ್ರುತನು ಬಿಸಿಲುಕಾಲದಲ್ಲಿ ತಕ್ರವನ್ನು ನಿಷೇಧಿಸುತ್ತಾನೆ. ವಾಗ್ಭಟನ ‘ಅಷ್ಟಾಂಗಹೃದಯ’ವು ಗ್ರೀಷ್ಮದಲ್ಲಿ ಮೊಸರನ್ನು ಬೇಡವೆನ್ನುತ್ತದೆ. ಜನಪದರಿಗಾದರೋ ಮಜ್ಜಿಗೆಯೇ ಬೇಸಿಗೆಯ ಪರಮ ತಂಪು. ಮಲೆನಾಡಿನ ತಂಬುಳಿಗೂ ಇದೇ ಆಧಾರ. ಹಳ್ಳಿಯ ಮಜ್ಜಿಗೆ ಬಹುಪಾಲು ನೀರು ಬೆರೆಸಿದ್ದು ಎಂಬುದು ಈ ವ್ಯತ್ಯಾಸಕ್ಕೆ ಒಂದು ಕಾರಣವಿರಬಹುದು. ಏನೇ ಇರಲಿ, ಜನಪದರ ಉಷ್ಣ–ತಂಪುಗಳು ಶಾಸ್ತ್ರದ ವೀರ್ಯವಿಚಾರದ ನಕಲಲ್ಲ, ಅನುಭವದಿಂದ ರೂಪುಗೊಂಡ ಸ್ವತಂತ್ರ ವಿಂಗಡಣೆ ಎಂಬುದಕ್ಕೆ ಈ ಭಿನ್ನಾಭಿಪ್ರಾಯವೇ ಬಲವಾದ ಸಾಕ್ಷಿ.

ಆಚರಣೆಗಳಲ್ಲಿಯೂ ಈ ತಿಳಿವಳಿಕೆ ಅಡಗಿದೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯವನ್ನು ಕುಡಿಯುತ್ತಾರೆ. ಅದು ಉಷ್ಣವೆಂಬ ಕಾರಣಕ್ಕೆ ಅನಂತರ ಮೆಂತ್ಯದ ಗಂಜಿಯನ್ನು ಉಣ್ಣುತ್ತಾರೆ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಯ ಚಳಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ನಾಡಿನೆಲ್ಲೆಡೆ ರಾಮನವಮಿಯ ಬಿಸಿಲಿಗೆ ಪಾನಕ, ಕೋಸಂಬರಿ. ಇಲ್ಲಿ ಪಥ್ಯ ಒಬ್ಬರದಲ್ಲ, ಇಡೀ ಊರಿನದು.

ಒಂದೇ ಒಲೆಯ ಈ ನಿಯಮಕ್ಕೆ ದೊಡ್ಡ ಅಪವಾದ ಬಾಣಂತಿ. ಆಕೆಗಾಗಿಯೇ ಬೇರೆ ಅಡುಗೆಯಾಗುತ್ತದೆ: ಕೊಬ್ಬರಿ, ಅಂಟು, ಮೆಂತ್ಯ ಹಾಕಿದ ಉಂಡೆ, ಅಳವಿ ಪಾಯಸ, ಬೆಳ್ಳುಳ್ಳಿ, ಮೆಣಸಿನ ಸಾರು. ಬಡ ಮನೆಗಳೂ ಇದಕ್ಕಾಗಿ ಸಾಲಸೋಲ ಮಾಡುವುದುಂಟು. ಆದರೆ ಇದೇ ಸಂಪ್ರದಾಯವು ಶೀತವಾಗುತ್ತದೆಂದು ಬಾಣಂತಿಗೆ ನೀರನ್ನೂ ಸೊಪ್ಪು ಹಣ್ಣುಗಳನ್ನೂ ಕಡಿಮೆ ಮಾಡಿದ್ದೂ ಉಂಟು. ಹಾಲೂಡಿಸುವ ದೇಹಕ್ಕೆ ನೀರು ಹೆಚ್ಚಾಗಿಯೇ ಬೇಕೆಂಬುದು ಇಂದು ನಿರ್ವಿವಾದ. ಆದಕಾರಣ ಜನಪದ ಪಥ್ಯವನ್ನು ಇಡಿಯಾಗಿ ವೈಭವೀಕರಿಸುವುದೂ ಸರಿಯಲ್ಲ, ಮೂಢನಂಬಿಕೆಯೆಂದು ತಳ್ಳಿಹಾಕುವುದೂ ಸರಿಯಲ್ಲ.

ಇಂದು ಪ್ರಕೃತಿಯ ವಿಚಾರವು ಪ್ರಶ್ನಾವಳಿಗಳಿಗೂ ಸಿದ್ಧ ಆಹಾರಪಟ್ಟಿಗಳಿಗೂ ಇಳಿದಿದೆ. ಇನ್ನೊಂದೆಡೆ, ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಸಂದರ್ಭದಲ್ಲಿ ರಾಗಿ, ನವಣೆ, ಸಜ್ಜೆಗಳನ್ನು ಎಲ್ಲ ದೇಹಗಳಿಗೂ ಎಲ್ಲ ಕಾಲಕ್ಕೂ ಒಂದೇ ಎಂಬಂತೆ ಪ್ರಚಾರ ಮಾಡಿದ್ದೂ ಉಂಟು. ಮೊದಲನೆಯದು ವ್ಯಕ್ತಿಯನ್ನು ದೇಶಕಾಲಗಳಿಂದ ಬೇರ್ಪಡಿಸುತ್ತದೆ. ಎರಡನೆಯದು ಧಾನ್ಯವನ್ನು ಅದರ ಸಂಸ್ಕಾರ, ಸಂಯೋಗಗಳಿಂದ ಬೇರ್ಪಡಿಸುತ್ತದೆ. ಚರಕನ ಎಂಟು ಅಂಶಗಳೂ ರೈತ ಮಹಿಳೆಯ ಒಂದು ಒಲೆಯೂ ಬೇರ್ಪಡಿಸದೆ ಕಂಡದ್ದು ಇವುಗಳನ್ನೇ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ಒತ್ತು ಬೀಳುವುದು ಊಟದ ಮೇಲಲ್ಲ, ಬಲ್ಲವಿಕೆಯ ಮೇಲೆ. ಆ ಬಲ್ಲವಿಕೆ ಬಹುಪಾಲು ಅಕ್ಷರಕ್ಕೆ ಇಳಿಯದೆ ಹಿರಿಯ ಹೆಂಗಸರ ನೆನಪಿನಲ್ಲಿ ಉಳಿದಿದೆ. ಪದಾರ್ಥಗಳ ಹೆಸರುಗಳಷ್ಟನ್ನೇ ಅಲ್ಲದೆ, ಯಾವ ಕಾಲಕ್ಕೆ, ಯಾರಿಗೆ, ಯಾವುದರ ಜೊತೆಗೆ, ಎಷ್ಟು ಎಂಬ ವಿವರಗಳೊಡನೆ ಅದನ್ನು ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.