ಹೊಟ್ಟು
ಕಾಳಿನ ಮೇಲಿನ ಸಿಪ್ಪೆಯೇ ಹೊಟ್ಟು. ಹಳಗನ್ನಡದಲ್ಲಿದು ‘ಪೊಟ್ಟು’, ಪಾಲು ಹಾಲಾದಂತೆ, ಪೂವು ಹೂವಾದಂತೆ ಇಲ್ಲೂ ಪಕಾರ ಹಕಾರವಾಯಿತು. ತೆಲುಗಿನಲ್ಲಿ ಇಂದಿಗೂ ‘ಪೊಟ್ಟು’ ಎಂದೇ ಇದೆ. ಕಾಳು ಕಟ್ಟದೆ ಹೋದದ್ದು ಜೊಳ್ಳು. ಹೊಟ್ಟಾದರೋ ಕಾಳನ್ನು ಕಾಪಾಡಿದ ಕವಚ. ಮಾತಿನಲ್ಲಿ ಮಾತ್ರ ಎರಡನ್ನೂ ಹುರುಳಿಲ್ಲದ್ದಕ್ಕೇ ಹೋಲಿಸುತ್ತೇವೆ. ಹೊಟ್ಟಿನ ಮಟ್ಟಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ.

ಭತ್ತದ ಹೊಟ್ಟನ್ನೇ ನೋಡಿ: ಪೈರು ಮಣ್ಣಿನಿಂದ ಹೀರಿದ ಸಿಲಿಕಾ ಅದರಲ್ಲಿ ಶೇಖರವಾಗುತ್ತದೆ. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಹೊಟ್ಟು ಉರಿದರೆ ಅದರ ತೂಕದ ಸುಮಾರು ಶೇ. 20ರಷ್ಟು ಬೂದಿ ಉಳಿಯುತ್ತದೆ; ಆ ಬೂದಿಯ ಬಹುಪಾಲು ಸಿಲಿಕಾ. ಅದನ್ನು ಬೇರ್ಪಡಿಸಿ ರಬ್ಬರಿಗೆ ಬೆರೆಸಿದರೆ ರಬ್ಬರು ಗಟ್ಟಿಯಾಗುತ್ತದೆ, ಸವೆತ ತಡೆಯುತ್ತದೆ. ಹೀಗೆ ಬೆರೆಸುವ ಪುಡಿಗೆ ಕಾರ್ಖಾನೆಯವರು ‘ಫಿಲ್ಲರ್’ ಎನ್ನುತ್ತಾರೆ. ಗುಡ್‌ಇಯರ್ ಕಂಪನಿ ಹೊಟ್ಟಿನ ಬೂದಿಯ ಸಿಲಿಕಾವನ್ನು ಟೈರುಗಳಲ್ಲೇ ಬಳಸಿದೆ.